ಪೇಂಟ್ ಹೊಡೆದ್ರೆ ಬೂಷ್ಟು ಹೋಗಲ್ಲ

ನಾನು ಡಾಕ್ಟರ್ ಅಲ್ಲ, ಎಂಟೆಕ್ ಮುಗಿಸಿ ಕೋಡ್ ಬರೆಯೋ ಕೆಲಸದಲ್ಲಿರೋನು. ಊರು ಸಾಗರ, ಈಗ 7 ವರ್ಷದಿಂದ ಥಾಣೆಯಲ್ಲಿ ಬಾಡಿಗೆ ಫ್ಲ್ಯಾಟು. ಇವತ್ತು ನಮ್ಮ ಬೆಡ್‌ರೂಮಿನ ಒಂದು ಗೋಡೆ ಬಗ್ಗೆ ಮಾತಾಡ್ತೀನಿ.

3 ವರ್ಷದ ಹಿಂದೆ, ಜುಲೈ ತಿಂಗಳು. ಮಗಳಿಗೆ ಆಗ 4 ವರ್ಷ. ರಾತ್ರಿ 2 ಗಂಟೆಗೆ ಕೆಮ್ಮು ಶುರುವಾಗೋದು, ಉಸಿರು ಬಿಡುವಾಗ ಸುಂಯ್ ಅಂತ ಸದ್ದು. ಐಸ್‌ಕ್ರೀಮ್ ತಿಂದಿದ್ದಕ್ಕೇ ಹೀಗಾಯ್ತು ಅಂತ ಅವಳಿಗೇ ಬೈದಿದ್ದೆ. ಡಾಕ್ಟರು ಇನ್ಹೇಲರ್ ಬರೆದುಕೊಟ್ಟು, "ಮನೇಲಿ ಗೋಡೆ ಒದ್ದೆ ಇದೆಯಾ?" ಅಂತ ಕೇಳಿದ್ರು. ಇಲ್ಲ ಅಂದೆ. ಸುಳ್ಳು ಹೇಳಿದ್ದಲ್ಲ, ನೋಡೇ ಇರಲಿಲ್ಲ. ಮನೆಗೆ ಬಂದು ವಾರ್ಡ್‌ರೋಬ್ ಎಳೆದರೆ ಹಿಂದೆ ಗೋಡೆ ತುಂಬ ಕಪ್ಪು ಬೂಷ್ಟು. ಅವಳ ದಿಂಬಿನಿಂದ ಎರಡೇ ಅಡಿ ದೂರ.

ಓನರ್‌ಗೆ ಫೋನ್ ಮಾಡಿದೆ, ಪೇಂಟರ್ ಬಂದ, ಗೋಡೆ ಬೆಳ್ಳಗಾಯ್ತು. ಆಗಸ್ಟ್ ಮುಗಿಯೋದರೊಳಗೆ ಪೇಂಟ್ ಉಬ್ಬಿ ಮತ್ತೆ ಕಪ್ಪು. ಎರರ್ ಮೆಸೇಜ್ ಮುಚ್ಚಿಟ್ಟು ಬಗ್ ಕ್ಲೋಸ್ ಮಾಡಿದ ಹಾಗೆ!

ಬೂಷ್ಟಿನ ಕಣಗಳು ಗಾಳಿಯಲ್ಲಿ ಎಲ್ಲ ಕಡೆ ಇರ್ತವೆ. ಅವು ಬೆಳೆಯೋಕೆ ನೀರು ಬೇಕು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ತಂದ ಮಾರ್ಗಸೂಚಿಯೂ ಇದನ್ನೇ ಹೇಳುತ್ತೆ: ತೇವ, ಬೂಷ್ಟು ಇರೋ ಮನೆಗಳಲ್ಲಿ ಉಸಿರಾಟದ ತೊಂದರೆ, ಅಸ್ತಮಾ ಜಾಸ್ತಿ. ಎಷ್ಟು ಬೂಷ್ಟಿದ್ದರೆ ಪರವಾಗಿಲ್ಲ ಅನ್ನೋ ಲೆಕ್ಕವನ್ನು ಅವರು ಕೊಟ್ಟಿಲ್ಲ, ತೇವವನ್ನೇ ತಡೆಯಿರಿ ಅಂದಿದ್ದಾರೆ.

ಹಾಗಾದ್ರೆ ನಮ್ಮ ಮನೆಗೆ ನೀರು ಎಲ್ಲಿಂದ ಬರ್ತಿತ್ತು? ಒಂದು, ಹೊರಗಡೆಯಿಂದ. ಗೋಡೆ ಪಶ್ಚಿಮಕ್ಕಿದೆ, ಮುಂಗಾರಿನ ಮಳೆ ನೇರ ಹೊಡೆಯುತ್ತೆ, ಕಿಟಕಿ ಕೆಳಗೆ ಬಿರುಕು. ಎರಡನೇದನ್ನ ಕಂಡುಹಿಡಿದಿದ್ದು ಫೋನಲ್ಲಿ ಅಮ್ಮ. "ಬಟ್ಟೆ ಎಲ್ಲಿ ಒಣಗಿಸ್ತಿದ್ದೀಯೋ?" ಅಂದ್ರು. ಬೆಡ್‌ರೂಮಲ್ಲೇ, ಸ್ಟ್ಯಾಂಡ್ ಮೇಲೆ, ಕಿಟಕಿ ಮುಚ್ಚಿ! ಬಟ್ಟೆಯ ನೀರೆಲ್ಲ ಆವಿಯಾಗಿ ರೂಮಲ್ಲೇ ಉಳೀತಿತ್ತು. ನಮ್ಮೂರಲ್ಲೂ ಮಳೆ ಕಮ್ಮಿಯೇನಲ್ಲ. ಅಮ್ಮ ಒಲೆ ಪಕ್ಕ ಬಟ್ಟೆ ಒಣಗಿಸ್ತಿದ್ರು. ಹೊಗೆ ಅಸ್ತಮಾಕ್ಕೆ ಕೆಟ್ಟದ್ದೇ, ಆದ್ರೆ ಹೆಂಚಿನ ಸಂದಿಯಿಂದ ಆವಿ ಹೊರಗೆ ಹೋಗ್ತಿತ್ತು. ನಮ್ಮ ಫ್ಲ್ಯಾಟಿಗೆ ಸಂದಿ ಇಲ್ಲ.

ಕೆಲವು ನೂರು ರೂಪಾಯಿಗೆ ಒಂದು ತೇವಾಂಶದ ಮೀಟರ್ ಸಿಗುತ್ತೆ. ನಮ್ಮ ರೂಮಲ್ಲಿ ರಾತ್ರಿ 85 ಪರ್ಸೆಂಟ್ ತೋರಿಸ್ತು. 60ಕ್ಕಿಂತ ಕೆಳಗಿರಬೇಕು. ನಾವು ಮಾಡಿದ್ದಿಷ್ಟು: ಬಟ್ಟೆ ಸ್ಟ್ಯಾಂಡ್ ಬಾತ್‌ರೂಮಿಗೆ, ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಆನ್. ಅಡುಗೆಗೂ ಅದೇ ನಿಯಮ. ಮಳೆ ಸುರಿಯುವಾಗ ಕಿಟಕಿ ತೆಗೆದ್ರೆ ಹೊರಗಿನ ತೇವ ಒಳಗೆ ಬರುತ್ತೆ, ಆಗ ಎಸಿಯ ಡ್ರೈ ಮೋಡ್. ವಾರ್ಡ್‌ರೋಬ್ ಗೋಡೆಯಿಂದ ಒಂದು ಗೇಣು ದೂರ. ಏನಾದ್ರೂ ನೆನೆದರೆ 24ರಿಂದ 48 ಗಂಟೆಯೊಳಗೆ ಒಣಗಿಸೋದು.

ಬೂಷ್ಟು ತೆಗೆಯುವಾಗ ಮಗಳನ್ನು ಪಕ್ಕದ ಮನೆಗೆ ಕಳಿಸಿ, ಮಾಸ್ಕ್, ಗ್ಲೌಸ್ ಹಾಕಿ ಸೋಪು ನೀರಲ್ಲಿ ಉಜ್ಜಿದೆ. ಒಣ ಬ್ರಷ್‌ನಲ್ಲಿ ಉಜ್ಜಬೇಡಿ, ಕಣಗಳು ಹಾರ್ತವೆ. ಬ್ಲೀಚ್ ಜೊತೆ ಟಾಯ್ಲೆಟ್ ಆಸಿಡ್ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಬರುತ್ತೆ. ಬಿರುಕಿನ ಫೋಟೋಗಳನ್ನು ತಾರೀಕು ಹಾಕಿ ಓನರ್‌ಗೂ ಸೊಸೈಟಿಗೂ ಕಳಿಸ್ತಾನೇ ಇದ್ದೆ. ಮಳೆಗಾಲ ಮುಗಿದು ಗೋಡೆ ಒಣಗಿದ ಮೇಲೆ ಬಿರುಕು ಮುಚ್ಚಿಸಿದ್ರು. ಪೇಂಟ್ ಆಮೇಲೆ.

ಹೊಸ ಮನೆ ಹುಡುಕ್ತಿರೋರಿಗೆ ಒಂದು ಮಾತು. ಒಂದೇ ಗೋಡೆಗೆ ಮಾತ್ರ ಹೊಸ ಪೇಂಟ್ ಇದ್ದರೆ ಯಾಕೆ ಅಂತ ಕೇಳಿ. ಸಾಧ್ಯವಾದ್ರೆ ಮಳೆ ಬರುವಾಗಲೇ ಟಾರ್ಚ್ ಹಿಡಿದು ಹೋಗಿ, ಮೂಲೆ ನೋಡಿ, ಕಪಾಟು ತೆಗೆದು ಮೂಸಿ ನೋಡಿ. ಅಗ್ರಿಮೆಂಟ್‌ಗೆ ಸೈನ್ ಮಾಡಿದ ಮೇಲೆ 11 ತಿಂಗಳು ನೀವೇ ಉಸಿರಾಡಬೇಕು.

ಮಗಳ ಅಸ್ತಮಾ ಮಾಯ ಆಯ್ತು ಅಂತ ಹೇಳಲ್ಲ. ಇನ್ಹೇಲರ್ ಇದೆ, ಡಾಕ್ಟರ್ ಹೇಳದೆ ನಿಲ್ಲಿಸೋದಿಲ್ಲ. ಆದ್ರೆ ಹೋದ ಮಳೆಗಾಲದಲ್ಲಿ ರಾತ್ರಿ ಎದ್ದು ಕೂತಿದ್ದು ಎರಡೇ ಸಲ. ಔಷಧಿಯಿಂದ ಎಷ್ಟು, ಗೋಡೆಯಿಂದ ಎಷ್ಟು ಅಂತ ಬೇರೆ ಮಾಡಿ ಹೇಳೋಕೆ ನನಗೆ ಆಗಲ್ಲ. ಐಸ್‌ಕ್ರೀಮ್ ವಿಷಯಕ್ಕೆ ಮಾತ್ರ ಅವಳ ಹತ್ರ ಸಾರಿ ಕೇಳಿದ್ದೀನಿ.

ಇವತ್ತು ರಾತ್ರಿ ಮಲಗೋ ಮುಂಚೆ ನಿಮ್ಮ ವಾರ್ಡ್‌ರೋಬನ್ನೂ ಒಂದ್ಸಲ ಎಳೆದು ನೋಡಿ.