ಗೆದ್ದೇ ಗೆಲ್ಲುವ ಕ್ಷೇತ್ರದಲ್ಲಿ ನಿಜವಾದ ಚುನಾವಣೆ ಯಾವುದು?

(ಕಾರ್ಯಕರ್ತರ ಅಭ್ಯಾಸ ಶಿಬಿರವೊಂದರಲ್ಲಿ ಮಾಡಿದ ಭಾಷಣ)

ಚುನಾವಣೆ ಬಂತೆಂದರೆ ನಮ್ಮ ಕಡೆ ಒಂದು ಮಾತು ಕಿವಿಗೆ ಬೀಳುತ್ತದೆ. "ಈ ಕ್ಷೇತ್ರದಲ್ಲಿ ಆ ಪಕ್ಷದವರು ಕತ್ತೆಯನ್ನು ನಿಲ್ಲಿಸಿದರೂ ಗೆದ್ದು ಬರುತ್ತದೆ." ಈ ಮಾತನ್ನು ಹೇಳಿ ನಾವು ನಗುತ್ತೇವೆ, ನಕ್ಕು ಮನೆಗೆ ಹೋಗಿ ಮಲಗುತ್ತೇವೆ. ಅಮೆರಿಕ ದೇಶದ ಡೆಮೊಕ್ರಾಟಿಕ್ ಪಕ್ಷದ ಗುರುತೇ ಕತ್ತೆ. ಹೀಗಾಗಿ ಅಲ್ಲಿನ ಅನೇಕ ಕ್ಷೇತ್ರಗಳಲ್ಲಿ ಈ ಮಾತು ಬರಿಯ ಹಾಸ್ಯವಲ್ಲ. ಅಂಥ ಒಂದು ಕ್ಷೇತ್ರದ ವಿಚಾರವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಅದು ನ್ಯೂಯಾರ್ಕ್ ನಗರದ 14ನೆಯ ಕಾಂಗ್ರೆಸ್ ಕ್ಷೇತ್ರ. ಇಲ್ಲಿ ಕಾಂಗ್ರೆಸ್ ಎಂದರೆ ನಮ್ಮ ದೇಶದ ಪಕ್ಷವಲ್ಲ, ಅವರ ಪಾರ್ಲಿಮೆಂಟು ಎಂದು ತಿಳಿಯಬೇಕು.

ಮೊದಲು ಅಲ್ಲಿನ ವ್ಯವಸ್ಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಅವರ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 435 ಸ್ಥಾನಗಳು. ಎರಡು ವರ್ಷಕ್ಕೊಮ್ಮೆ ನವೆಂಬರ್ ತಿಂಗಳಲ್ಲಿ ಎಲ್ಲ ಸ್ಥಾನಗಳಿಗೂ ಚುನಾವಣೆ. ಅದಕ್ಕೆ ಮುಂಚೆ ಹೆಚ್ಚಿನ ರಾಜ್ಯಗಳಲ್ಲಿ ಪಕ್ಷದೊಳಗೆ ಪ್ರೈಮರಿ ಎಂಬ ಇನ್ನೊಂದು ಮತದಾನ ನಡೆಯುತ್ತದೆ. ಪಕ್ಷದ ಟಿಕೆಟ್ ಯಾರಿಗೆ ಎಂಬುದನ್ನು ಅಲ್ಲಿ ಮತದಾರರೇ ತೀರ್ಮಾನಿಸುತ್ತಾರೆ. ನಮ್ಮಲ್ಲಿಯಂತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕುಳಿತ ನಾಲ್ಕು ಮಂದಿಯಲ್ಲ. ಕಾನೂನಿನ ಮಾತು ಇದು. ನಡೆದುಬಂದದ್ದು ಹೇಗೆ ಎಂಬುದನ್ನು ಮುಂದೆ ನೋಡೋಣ.

ಈ 435ರಲ್ಲಿ ಬಹುಪಾಲು ಕ್ಷೇತ್ರಗಳು ಯಾವ ಪಕ್ಷಕ್ಕೆ ಎಂಬುದು ಮತ ಎಣಿಸುವ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಒಂದೇ ಬಗೆಯ ಜನ ಒಂದೆಡೆ ನೆಲೆಸುವುದು ಇದಕ್ಕೆ ಒಂದು ಕಾರಣ. ಗಡಿ ಎಳೆಯುವವರ ಕೈಚಳಕ ಇನ್ನೊಂದು. ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಬಹಳ ರಾಜ್ಯಗಳಲ್ಲಿ ಶಾಸನ ಸಭೆಯೇ ಗಡಿ ಎಳೆಯುತ್ತದೆ. ಪೆನ್ಸಿಲು ಯಾರ ಕೈಯಲ್ಲಿದೆಯೋ ಗೆರೆ ಅವರ ಪರವಾಗಿ ಬಾಗುತ್ತದೆ. ಪಕ್ಷದ ಲಾಭಕ್ಕಾಗಿ ಎಳೆದ ಗೆರೆಯ ವಿಚಾರಣೆ ತಮ್ಮ ಕೆಲಸವಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 2019ರಲ್ಲಿ ಕೈ ತೊಳೆದುಕೊಂಡಿತು.

ಇಂಥ ಕ್ಷೇತ್ರದಲ್ಲಿ ನವೆಂಬರಿನ ಮತದಾನ ಮದುವೆಯಾದ ಮೇಲಿನ ಆರತಕ್ಷತೆ ಇದ್ದಂತೆ. ತಾಳಿ ಕಟ್ಟಿ ಆಗಿರುತ್ತದೆ. ಅದು ಕಟ್ಟಿದ್ದು ಪ್ರೈಮರಿಯಲ್ಲಿ. ಪ್ರೈಮರಿಯ ಬಾಗಿಲಿನಿಂದ ಯಾರನ್ನು ಹೊರಗಿಡುತ್ತಾರೋ ಅವರನ್ನು ಚುನಾವಣೆಯಿಂದಲೇ ಹೊರಗಿಟ್ಟಂತೆ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಅಮೆರಿಕದ ದಕ್ಷಿಣ ರಾಜ್ಯಗಳ ನೀಗ್ರೋ ಜನ. ಟೆಕ್ಸಾಸ್ ರಾಜ್ಯದಲ್ಲಿ ಆಗ ಡೆಮೊಕ್ರಾಟಿಕ್ ಪಕ್ಷದ್ದೇ ಏಕಚ್ಛತ್ರಾಧಿಪತ್ಯ. ನವೆಂಬರಿನಲ್ಲಿ ಕರಿಯರು ಮತ ಹಾಕುವುದನ್ನು ಸಂವಿಧಾನ ಮಾತಿನಲ್ಲಾದರೂ ಒಪ್ಪಿತ್ತು. ಆದರೆ ಪ್ರೈಮರಿಯಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶ. ಕೇಳಿದರೆ, "ಪಕ್ಷವೆಂಬುದು ಒಂದು ಖಾಸಗಿ ಕೂಟ, ಯಾರನ್ನು ಸೇರಿಸಬೇಕೆಂಬುದು ನಮ್ಮ ಇಷ್ಟ" ಎಂಬ ವಾದ. 1935ರಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಿತು. 1940ರಲ್ಲಿ ಹ್ಯೂಸ್ಟನ್ ನಗರದ ಲೋನಿ ಸ್ಮಿತ್ ಎಂಬ ದಂತವೈದ್ಯರಿಗೆ ಪ್ರೈಮರಿಯಲ್ಲಿ ಮತ ನಿರಾಕರಿಸಿದರು. ಅವರು ನ್ಯಾಯಾಲಯಕ್ಕೆ ಹೋದರು. 1944ರಲ್ಲಿ ಅದೇ ಸುಪ್ರೀಂ ಕೋರ್ಟು ತನ್ನ ಹಿಂದಿನ ತೀರ್ಪನ್ನು ತಾನೇ ತಳ್ಳಿಹಾಕಿ, ಬಿಳಿಯರ ಪ್ರೈಮರಿ ಸಂವಿಧಾನಕ್ಕೆ ವಿರುದ್ಧ ಎಂದಿತು. ಪ್ರತಿನಿಧಿಯನ್ನು ಆರಿಸುವ ನಿಜವಾದ ಸ್ಥಳ ಯಾವುದೋ ಅಲ್ಲಿ ಮತ ಇಲ್ಲದಿದ್ದರೆ ಮತದ ಹಕ್ಕೇ ಇಲ್ಲ ಎಂಬ ಸರಳ ಸತ್ಯವನ್ನು ಒಬ್ಬ ಹಲ್ಲಿನ ವೈದ್ಯ ದೇಶಕ್ಕೆ ಒಪ್ಪಿಸಿದ.

ಈಗ ನ್ಯೂಯಾರ್ಕಿಗೆ ಬರೋಣ. ಅಲ್ಲಿ ಬಣ್ಣ ನೋಡಿ ಹೊರಗೆ ನಿಲ್ಲಿಸುವ ಕಾನೂನು ಇರಲಿಲ್ಲ. ಆದರೂ ಬಾಗಿಲು ಅಗಲವಾಗಿ ತೆರೆದಿರಲಿಲ್ಲ. ನಾನು ಹೇಳುತ್ತಿರುವ 14ನೆಯ ಕ್ಷೇತ್ರ ಬ್ರಾಂಕ್ಸ್ ಮತ್ತು ಕ್ವೀನ್ಸ್ ಎಂಬ ಎರಡು ಭಾಗಗಳಲ್ಲಿ ಹರಡಿಕೊಂಡಿದೆ. ಏಳು ಲಕ್ಷದಷ್ಟು ಜನ. ಸುಮಾರು ಅರ್ಧದಷ್ಟು ಮಂದಿ ಸ್ಪ್ಯಾನಿಷ್ ಮೂಲದವರು. ನಮ್ಮ ದೇಶದವರೂ ಬಂಗಾಳದವರೂ ಅಂಗಡಿಮುಂಗಟ್ಟು ಇಟ್ಟುಕೊಂಡಿರುವ ಜ್ಯಾಕ್ಸನ್ ಹೈಟ್ಸ್ ಬಡಾವಣೆಯೂ ಇಲ್ಲಿಯದೇ. ಬಾಡಿಗೆ ಮನೆಗಳಲ್ಲಿ ವಾಸಿಸಿ ದಿನದ ದುಡಿಮೆಯಿಂದ ಬದುಕುವವರೇ ಹೆಚ್ಚು.

ಇಲ್ಲಿನ ಪ್ರತಿನಿಧಿ ಜೋಸೆಫ್ ಕ್ರೌಲಿ. ಅವರು ಕಾಂಗ್ರೆಸ್ಸಿಗೆ ಬಂದ ಬಗೆಯನ್ನು ಕೇಳಿ. ಅವರಿಗಿಂತ ಹಿಂದೆ ಇದ್ದವರು ಥಾಮಸ್ ಮ್ಯಾಂಟನ್. ಕ್ವೀನ್ಸ್ ಭಾಗದ ಪಕ್ಷಾಧ್ಯಕ್ಷರೂ ಅವರೇ. 1998ರಲ್ಲಿ ಅವರು ಮರುಚುನಾವಣೆಗೆ ಅರ್ಜಿ ಹಾಕಿದರು. ಬೇರೆಯವರು ಅರ್ಜಿ ಹಾಕುವ ಅವಧಿ ಮುಗಿದ ಮೇಲೆ ತಮ್ಮ ಹೆಸರನ್ನು ಹಿಂದಕ್ಕೆ ತೆಗೆದುಕೊಂಡರು. ತೆರವಾದ ಜಾಗಕ್ಕೆ ಹೆಸರು ತುಂಬುವ ಅಧಿಕಾರ ಪಕ್ಷದ ಸಮಿತಿಗೆ. ಸಮಿತಿ ಕ್ರೌಲಿಯವರ ಹೆಸರನ್ನು ತುಂಬಿತು. ಪ್ರೈಮರಿಯೇ ಇಲ್ಲ! ನವೆಂಬರಿನಲ್ಲಿ ಗೆಲುವು ಖಂಡಿತ. ಗೌಡಿಕೆ ಶಾನುಭೋಗಿಕೆಗಳು ಮನೆತನದಲ್ಲಿ ಇಳಿದು ಬಂದಂತೆ ಒಂದು ಪಾರ್ಲಿಮೆಂಟು ಸ್ಥಾನ ಕೈಯಿಂದ ಕೈಗೆ ಇಳಿಯಿತು. ಎಲ್ಲವೂ ಕಾನೂನಿನ ಪ್ರಕಾರವೇ ನಡೆಯಿತು ಎಂಬುದನ್ನು ಮರೆಯಕೂಡದು.

ಕ್ರೌಲಿಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರು ಮೇಲೇರಿದರು. ಕ್ವೀನ್ಸಿನ ಪಕ್ಷಾಧ್ಯಕ್ಷರಾದರು, ಪ್ರತಿನಿಧಿ ಸಭೆಯಲ್ಲಿ ತಮ್ಮ ಪಕ್ಷದ ನಾಲ್ಕನೆಯ ಮುಖಂಡರಾದರು. ಮುಂದೆ ಸಭಾಧ್ಯಕ್ಷರಾಗುವವರು ಅವರೇ ಎಂದು ಪತ್ರಿಕೆಗಳು ಬರೆದವು. ಆದರೆ 2004ರಿಂದ 2018ರವರೆಗೆ, ಹದಿನಾಲ್ಕು ವರ್ಷ, ಸ್ವಪಕ್ಷದ ಯಾರೂ ಪ್ರೈಮರಿಯಲ್ಲಿ ಅವರ ಎದುರು ನಿಲ್ಲಲಿಲ್ಲ. ಆಗ ಮತ ಹಾಕಲು ಹದಿನೆಂಟು ತುಂಬಿದ ಹುಡುಗ ಮೂವತ್ತು ದಾಟಿದರೂ ತನ್ನ ಪ್ರತಿನಿಧಿಯನ್ನು ಒಮ್ಮೆಯೂ ನಿಜವಾಗಿ ಆರಿಸಿರಲಿಲ್ಲ.

2018ರಲ್ಲಿ ಒಬ್ಬಳು ನಿಂತಳು. ಅಲೆಕ್ಸಾಂಡ್ರಿಯಾ ಒಕಾಸಿಯೊ ಕೊರ್ಟೆಜ್, ವಯಸ್ಸು ಇಪ್ಪತ್ತೆಂಟು. ತಾಯಿ ಪೋರ್ಟೊ ರಿಕೋ ದ್ವೀಪದವರು. ಹೋಟೆಲಿನಲ್ಲಿ ಪಾನೀಯ ಬಡಿಸಿ ಜೀವನ ನಡೆಸುತ್ತಿದ್ದ ಹೆಣ್ಣುಮಗಳು. ಅಮೆರಿಕದ ಡೆಮೊಕ್ರಾಟಿಕ್ ಸೋಷಲಿಸ್ಟರ ಸಂಘದ ಸದಸ್ಯೆ. ಉಮೇದುವಾರಿಕೆಗೆ ಪಕ್ಷದ 1,250 ಮತದಾರರ ರುಜು ಬೇಕು. ಅಷ್ಟೇ ತಂದರೆ ಸಾಲದು. ಅಕ್ಷರ ಸರಿಯಿಲ್ಲ, ವಿಳಾಸ ಸರಿಯಿಲ್ಲ ಎಂದು ತಕರಾರು ಹೂಡಿ ಹೆಸರು ಹೊಡೆದುಹಾಕುವುದು ನ್ಯೂಯಾರ್ಕಿನ ಹಳೆಯ ಚಾಳಿ. ಆದ್ದರಿಂದ ಅದರ ಎಷ್ಟೋ ಪಟ್ಟು ರುಜು ಕೂಡಿಸಬೇಕಾಯಿತು. ಇನ್ನೂ ಒಂದು ಅಡ್ಡಿ. ಪಕ್ಷದಲ್ಲಿ ಹೆಸರು ನೋಂದಾಯಿಸಿದವರಿಗಷ್ಟೇ ಪ್ರೈಮರಿ ಮತ. ಪಕ್ಷ ಬದಲಿಸಬೇಕೆನ್ನುವವರು 2018ರ ಜೂನ್ ಮತಕ್ಕಾಗಿ 2017ರ ಅಕ್ಟೋಬರಿನಲ್ಲೇ ಅರ್ಜಿ ಕೊಟ್ಟಿರಬೇಕಿತ್ತು. ಉಮೇದುವಾರರ ಹೆಸರು ಕೇಳುವ ಮೊದಲೇ ಗಡುವು ಮುಗಿದಿರುತ್ತಿತ್ತು. 2019ರಲ್ಲಿ ಆ ಗಡುವನ್ನು ಸಡಿಲಿಸಿದರು.

ಕ್ರೌಲಿಯವರ ಕೈಯಲ್ಲಿ ಮೂವತ್ತು ಲಕ್ಷ ಡಾಲರಿಗೂ ಹೆಚ್ಚಿನ ನಿಧಿ. ಆಕೆಯ ಬಳಿ ಅದರ ಸುಮಾರು ಹತ್ತರಲ್ಲೊಂದು ಪಾಲು, ಅದೂ ಬಹುಮಟ್ಟಿಗೆ ಚಿಲ್ಲರೆ ವಂತಿಗೆ. ಕಂಪೆನಿಗಳ ನಿಧಿಯನ್ನು ಆಕೆ ಮುಟ್ಟಲಿಲ್ಲ. ಬ್ರಾಂಕ್ಸಿನಲ್ಲಿ ನಡೆದ ಒಂದು ಚರ್ಚಾಸಭೆಗೆ ಕ್ರೌಲಿಯವರು ತಾವು ಬಾರದೆ ತಮ್ಮ ಪರವಾಗಿ ಬೇರೊಬ್ಬರನ್ನು ಕಳಿಸಿದರು. ಆಕೆ ಮಾತ್ರ ಮೆಟ್ಟಿಲು ಹತ್ತಿ ಇಳಿದು ಬಾಗಿಲು ತಟ್ಟುತ್ತಿದ್ದಳು. ಮಳೆಯಲ್ಲಿ ನೆನೆದು, ಅಟ್ಟೆ ಸವೆದು ತೂತುಬಿದ್ದ ಪಾದರಕ್ಷೆಯ ಚಿತ್ರವನ್ನು ಆಮೇಲೆ ಆಕೆಯೇ ಪ್ರಕಟಿಸಿದಳು.

ಜೂನ್ 26ರಂದು ಮತದಾನ. ಆಕೆಗೆ ಸುಮಾರು ಹದಿನೇಳು ಸಾವಿರ, ಕ್ರೌಲಿಯವರಿಗೆ ಸುಮಾರು ಹದಿಮೂರು ಸಾವಿರ. ನವೆಂಬರಿನಲ್ಲಿ ಆಕೆಗೆ ಬಿದ್ದದ್ದು ಒಂದು ಲಕ್ಷ ಹತ್ತು ಸಾವಿರ ಮತ, ನೂರಕ್ಕೆ ಎಪ್ಪತ್ತೆಂಟರಷ್ಟು.

ಈ ಲೆಕ್ಕವನ್ನು ಸ್ವಲ್ಪ ನಿಂತು ನೋಡಬೇಕು. ನವೆಂಬರಿನ ಲಕ್ಷಕ್ಕೂ ಮೀರಿದ ಮತ ಏನನ್ನೂ ತೀರ್ಮಾನಿಸಲಿಲ್ಲ. ಏಳು ಲಕ್ಷ ಜನರ ಪ್ರತಿನಿಧಿಯನ್ನು ತೀರ್ಮಾನಿಸಿದ್ದು ಜೂನಿನ ಹದಿನೇಳು ಸಾವಿರ. ಅಂತರ ನಾಲ್ಕು ಸಾವಿರ. ನಮ್ಮ ಒಂದು ದೊಡ್ಡ ಹಳ್ಳಿಯಷ್ಟು. ಇಪ್ಪತ್ತು ವರ್ಷ ಯಾರೂ ಅಲುಗಿಸಲಾರದ ಬಂಡೆಯೆಂದು ತಿಳಿದದ್ದರ ಬುಡ ಅಷ್ಟು ಸಣ್ಣದಿತ್ತು. ಕ್ಷೇತ್ರ ಪಕ್ಷಕ್ಕೆ ಭದ್ರವಾಗಿತ್ತು, ನಿಜ. ಆದರೆ ಮುಖಂಡರಿಗೆ ಅದು ಭದ್ರವಾಗಿದ್ದದ್ದು ಜನ ಮನೆಯಲ್ಲಿ ಕುಳಿತಿದ್ದರಿಂದ.

ಇಲ್ಲಿಗೆ ಚಪ್ಪಾಳೆ ತಟ್ಟಿ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದಂತೆ. ಬುಡ ಸಣ್ಣದಾದ ಬಂಡೆಯನ್ನು ಬಡವರಷ್ಟೇ ಅಲ್ಲ, ಹಣವುಳ್ಳವರೂ ಉರುಳಿಸಬಲ್ಲರು. ಪಕ್ಕದ 16ನೆಯ ಕ್ಷೇತ್ರದಲ್ಲಿ, 1989ರಿಂದ ಪ್ರತಿನಿಧಿ ಸಭೆಯಲ್ಲಿದ್ದ ಎಲಿಯಟ್ ಎಂಗೆಲ್ ಅವರನ್ನು 2020ರ ಪ್ರೈಮರಿಯಲ್ಲಿ ಜಮಾಲ್ ಬೋಮನ್ ಎಂಬ ಶಾಲಾ ಮುಖ್ಯೋಪಾಧ್ಯಾಯರು ಸೋಲಿಸಿದರು. 2024ರ ಪ್ರೈಮರಿಯಲ್ಲಿ ಅದೇ ಬೋಮನ್ ಸೋತರು. ಗಾಜಾ ಯುದ್ಧದ ವಿಷಯದಲ್ಲಿ ಅವರ ನಿಲುವನ್ನು ಸಹಿಸದ ಇಸ್ರೇಲ್ ಪರವಾದ ಹೊರಗಿನ ಸಂಸ್ಥೆಯೊಂದು ಕೋಟಿಗೂ ಮೀರಿದ ಡಾಲರುಗಳನ್ನು ಸುರಿಯಿತು. ಪ್ರತಿನಿಧಿ ಸಭೆಯ ಚರಿತ್ರೆಯಲ್ಲೇ ಅಷ್ಟು ದುಬಾರಿ ಪ್ರೈಮರಿ ಇನ್ನೊಂದಿರಲಿಲ್ಲ ಎಂದು ಪತ್ರಿಕೆಗಳು ಬರೆದವು. ಬೋಮನ್ ಸೋಲಿಗೆ ಅವರ ಸ್ವಂತ ತಪ್ಪುಗಳೂ ಕಾರಣವಾಗಿದ್ದವು. ಆದರೂ ಕೆಲವೇ ಸಾವಿರ ಜನ ಮತ ಹಾಕುವ ಕಡೆ ಹಣದ ತೂಕ ಹೆಚ್ಚುತ್ತದೆ ಎಂಬುದು ಸುಳ್ಳಲ್ಲ. ನ್ಯೂಯಾರ್ಕಿನ 14ನೆಯ ಕ್ಷೇತ್ರದಲ್ಲಾದರೋ ಆಕೆ 2020, 2022, 2024ರಲ್ಲೂ ಗೆದ್ದಳು. ಇಂದು ಆಕೆಯ ಪಾಲಿಗೆ ಅದು ಭದ್ರ ಕ್ಷೇತ್ರವೇ. ನಾಳೆ ಆಕೆಯೂ ಚರ್ಚಾಸಭೆಗೆ ಬೇರೆಯವರನ್ನು ಕಳಿಸುವಂತಾದರೆ ಕೇಳುವವರು ಯಾರು? ಜೂನಿನಲ್ಲಿ ಮತಗಟ್ಟೆಗೆ ಹೋಗುವವರು ಮಾತ್ರ.

ಸಂಗಾತಿಗಳೇ, ನಮ್ಮಲ್ಲಿ ಪ್ರೈಮರಿ ಇಲ್ಲ. ಟಿಕೆಟ್ ಹಂಚುವ ಕೋಣೆಗೆ ಮತದಾರನಿಗೆ ಪ್ರವೇಶವಿಲ್ಲ. ಆ ಮಟ್ಟಿಗೆ ಲೋನಿ ಸ್ಮಿತ್ ನಿಂತಿದ್ದ ಬಾಗಿಲ ಹೊರಗೇ ನಾವೂ ನಿಂತಿದ್ದೇವೆ. ಹಾಗಿದ್ದರೂ "ಈ ಕ್ಷೇತ್ರ ಅವರದೇ" ಎಂದು ಇನ್ನು ಮುಂದೆ ಯಾರಾದರೂ ಹೇಳಿದರೆ, ಮೂರು ಪ್ರಶ್ನೆ ಕೇಳಿ. ಉಮೇದುವಾರನನ್ನು ಆರಿಸಿದವರು ಎಷ್ಟು ಮಂದಿ? ಆ ದಿನ ನಾವು ಎಲ್ಲಿದ್ದೆವು? ಕಳೆದ ಐದು ವರ್ಷದಲ್ಲಿ ನಾವು ಎಷ್ಟು ಮನೆಯ ಬಾಗಿಲು ತಟ್ಟಿದ್ದೇವೆ? ಮೂರನೆಯ ಪ್ರಶ್ನೆಗೆ ಉತ್ತರವನ್ನು ಬೇರೆ ಯಾರೂ ಕೊಡಲಾರರು. ಇಂದು ಸಂಜೆ ಶಿಬಿರ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಬೀದಿಯ ಮತದಾರರ ಪಟ್ಟಿಯನ್ನು ತೆಗೆದುಕೊಂಡು, ತಮಗೆ ಪರಿಚಯವೇ ಇಲ್ಲದ ಹತ್ತು ಹೆಸರುಗಳಿಗೆ ಗುರುತು ಹಾಕಿರಿ. ಕೆಲಸ ಅಲ್ಲಿಂದ ಶುರುವಾಗಲಿ.