ಊರಿನ ಎಲ್ಲೆ ಮತ್ತು ನೀರಿನ ಹಾದಿ



ಮಲೆನಾಡಿನವರ ಸಭೆಯಲ್ಲಿ ಮದ್ದೂರು ತಾಲ್ಲೂಕಿನ ಆತಗೂರಿನ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ಕಾವೇರಿಯು ಮಂಡ್ಯದ ಬಯಲನ್ನು ಹಾದು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಪಂಪುಗಳ ಮೂಲಕ ಬೆಂಗಳೂರಿನ ನಲ್ಲಿಗಳಿಗೆ ಏರುತ್ತದೆ. ಈ ಹಾದಿಯಲ್ಲಿರುವ ಪ್ರತಿಯೊಂದು ಊರಿಗೂ ಒಂದು ಆಡಳಿತದ ಎಲ್ಲೆಯಿದೆ. ನೀರಿಗೆ ಅಂಥ ಎಲ್ಲೆಯಿಲ್ಲ. ಪಟ್ಟಣವು ಬೆಳೆದಾಗ ಪಕ್ಕದ ಹಳ್ಳಿಯನ್ನು ಅದರೊಳಗೆ ಸೇರಿಸುವುದೇ ಪರಿಹಾರವೇ, ಅಥವಾ ಎರಡೂ ತಮ್ಮ ತಮ್ಮ ಎಲ್ಲೆಯೊಳಗೆ ಉಳಿದು ಸೇವೆಗಳನ್ನು ಹಂಚಿಕೊಳ್ಳಬಹುದೇ ಎಂಬುದು ಇಂದಿನ ವಿಚಾರ. ಇಂದು ಬಯಲಿನಲ್ಲಿ ಎದ್ದಿರುವ ಪ್ರಶ್ನೆ ನಾಳೆ ಘಟ್ಟದ ಪೇಟೆಗಳ ಅಂಚಿನಲ್ಲಿಯೂ ಏಳುತ್ತದೆ.

ಆತಗೂರು ಒಂದು ಹೋಬಳಿಯ ಹೆಸರು. ಹೋಬಳಿ ಎಂಬುದೇ ಸೇವೆಗಳ ಹಂಚಿಕೆಯ ಹಳೆಯ ಮಾದರಿ ಎಂಬುದನ್ನು ಜನರು ಮರೆತಿದ್ದಾರೆ. ಪಹಣಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳಿಗೆ ನಾಡಕಚೇರಿ, ಬಿತ್ತನೆ ಬೀಜ ಹಾಗೂ ಕೃಷಿ ಸಲಹೆಗೆ ರೈತ ಸಂಪರ್ಕ ಕೇಂದ್ರ. ಇವು ಹೋಬಳಿಯ ಮಟ್ಟದಲ್ಲಿದ್ದು ಹಲವು ಗ್ರಾಮ ಪಂಚಾಯಿತಿಗಳ ಜನರಿಗೆ ಒಟ್ಟಾಗಿ ಸಲ್ಲುತ್ತವೆ. ಇದಕ್ಕಾಗಿ ಯಾವ ಪಂಚಾಯಿತಿಯೂ ತನ್ನ ಎಲ್ಲೆಯನ್ನು ಬಿಟ್ಟುಕೊಡಬೇಕಾಗಿಲ್ಲ. ಹಂಚಿಕೊಳ್ಳಲು ಒಂದಾಗಲೇಬೇಕು ಎಂಬ ವಾದಕ್ಕೆ ಈ ವ್ಯವಸ್ಥೆಯೇ ಉತ್ತರ.

ವಿಲೀನವು ನಡೆಯುವ ಬಗೆಯನ್ನು ನೋಡೋಣ. ಗ್ರಾಮ ಪಂಚಾಯಿತಿಯು 1993ರ ಪಂಚಾಯತ್ ರಾಜ್ ಅಧಿನಿಯಮದ ಕೂಸು. ಪುರಸಭೆ ಮತ್ತು ನಗರಸಭೆಗಳು 1964ರ ಪೌರಸಭೆಗಳ ಅಧಿನಿಯಮಕ್ಕೆ ಸೇರಿದವು. ಹಳ್ಳಿಯೊಂದು ಮೊದಲನೆಯದರಿಂದ ಎರಡನೆಯದಕ್ಕೆ ದಾಟಲು ಸರ್ಕಾರವು ಕರಡು ಅಧಿಸೂಚನೆಯನ್ನು ಹೊರಡಿಸಿ, ಆಕ್ಷೇಪಣೆಗಳನ್ನು ಆಹ್ವಾನಿಸಿ, ಅವನ್ನು ಪರಿಶೀಲಿಸಿ, ಅಂತಿಮ ಅಧಿಸೂಚನೆಯನ್ನು ಪ್ರಕಟಿಸಬೇಕು. ಜನಸಂಖ್ಯೆ, ಜನಸಾಂದ್ರತೆ, ವರಮಾನ, ಕೃಷಿಯೇತರ ಉದ್ಯೋಗದ ಪ್ರಮಾಣ ಇವೇ ಅಳತೆಗೋಲುಗಳು. ಇಲ್ಲಿಯೇ ಒಂದು ಸೂಕ್ಷ್ಮವಿದೆ. ಪಟ್ಟಣ ಮತ್ತು ಹಳ್ಳಿಗಳನ್ನು ಒಟ್ಟುಗೂಡಿಸಿ ಸರಾಸರಿ ತೆಗೆದರೆ, ಬತ್ತ, ಕಬ್ಬು, ರೇಷ್ಮೆಯನ್ನೇ ನಂಬಿದ ಹಳ್ಳಿಯು ಪೇಟೆಯ ಅಂಕಿಗಳ ಹಿಂದೆ ಮರೆಯಾಗಿಬಿಡುತ್ತದೆ. ಆದುದರಿಂದ ಆಕ್ಷೇಪಣೆ ಬರೆಯುವವರು ಮೊದಲು ಕೇಳಬೇಕಾದುದು ಊರುವಾರು ಲೆಕ್ಕವನ್ನು.

ಎಲ್ಲೆಯು ಬದಲಾದ ದಿನ ಏನೇನು ಬದಲಾಗುತ್ತದೆ? ಗ್ರಾಮ ಪಂಚಾಯಿತಿ ಇಲ್ಲವಾಗುತ್ತದೆ. ಅದರ ಆಸ್ತಿ ಮತ್ತು ಹೊಣೆಗಳು ಪಟ್ಟಣದ ಸಂಸ್ಥೆಗೆ ಸೇರುತ್ತವೆ. ಮನೆಗಂದಾಯ ಪಟ್ಟಣದ ನಿಯಮಕ್ಕೆ ಒಳಪಡುತ್ತದೆ. ಗ್ರಾಮೀಣ ಪ್ರದೇಶಕ್ಕೆಂದೇ ಇರುವ ಉದ್ಯೋಗ ಖಾತರಿಯು ಕೈಬಿಡುತ್ತದೆ. ಕೆರೆಯ ಹೂಳೆತ್ತುವುದು, ಬದು ಹಾಕುವುದು ಮುಂತಾದ ಕೆಲಸಗಳಿಗೆ ಅದರಿಂದ ದೊರೆಯುತ್ತಿದ್ದ ಕೂಲಿಯ ಆಧಾರವೂ ತಪ್ಪುತ್ತದೆ. ಎಲ್ಲಕ್ಕಿಂತ ದೊಡ್ಡ ನಷ್ಟ ಗ್ರಾಮಸಭೆಯದು. ಮತದಾರರೆಲ್ಲರೂ ಕುಳಿತು ಲೆಕ್ಕ ಕೇಳುವ ಸಭೆಯದು. ನಗರಗಳಲ್ಲಿ ವಾರ್ಡ್ ಸಮಿತಿಗಳನ್ನು ಸಂವಿಧಾನವು ಕಡ್ಡಾಯಗೊಳಿಸಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಮಾತ್ರ. ಮದ್ದೂರಿನಂಥ ಪಟ್ಟಣಕ್ಕೆ ಆ ರಕ್ಷಣೆ ಅನ್ವಯಿಸದು.

ಈ ಮಾತುಗಳು ಊಹೆಯಲ್ಲ. ಮದ್ದೂರು ಪುರಸಭೆಯನ್ನು ನಗರಸಭೆಯಾಗಿ ಮೇಲ್ದರ್ಜೆಗೇರಿಸಲು ಸುತ್ತಲಿನ ಗ್ರಾಮ ಪಂಚಾಯಿತಿಗಳನ್ನು ಸೇರಿಸುವ ಕ್ರಮಕ್ಕೆ 2025ರಲ್ಲಿ ಸರ್ಕಾರವು ಮುಂದಾದಾಗ, ಗೆಜ್ಜಲಗೆರೆಯ ಗ್ರಾಮಸ್ಥರು ತಮ್ಮ ಪಂಚಾಯಿತಿ ಉಳಿಯಬೇಕೆಂದು ಹೋರಾಟಕ್ಕಿಳಿದರು. ಗೆಜ್ಜಲಗೆರೆಯಲ್ಲಿ ಮಂಡ್ಯ ಹಾಲು ಒಕ್ಕೂಟದ ಡೇರಿಯಿದೆ, ಕೈಗಾರಿಕಾ ಪ್ರದೇಶವಿದೆ. ಬೆಂಗಳೂರು–ಮೈಸೂರು ಹೆದ್ದಾರಿ ಅದರ ಪಕ್ಕದಲ್ಲಿಯೇ ಹಾದುಹೋಗುತ್ತದೆ. ಪಟ್ಟಣವು ಅದನ್ನು ಬಯಸಲು ಯಾವ ಕಾರಣವೋ, ಹಳ್ಳಿಯು ಅದನ್ನು ಬಿಡಲೊಲ್ಲದಿರಲು ಅದೇ ಕಾರಣ. ವರಮಾನವುಳ್ಳ ಊರು ಮೊದಲು ಸೇರುತ್ತದೆ. ವರಮಾನವಿಲ್ಲದ ಒಳಹಳ್ಳಿ ಹೊರಗುಳಿದು ಮತ್ತಷ್ಟು ಬಡವಾಗುತ್ತದೆ. ಆತಗೂರಿನಂಥ ಹೋಬಳಿಯ ಊರುಗಳು ಇದನ್ನು ಈಗಲೇ ಯೋಚಿಸುವುದು ಒಳಿತು.

ವಿಲೀನದ ಪರವಾದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಬಡಾವಣೆಗಳು ಹಬ್ಬಿ, ಪಟ್ಟಣದ ಬೀದಿಯೂ ಹಳ್ಳಿಯ ಬೀದಿಯೂ ಕೂಡಿಕೊಂಡಿರುವಲ್ಲಿ, ಒಳಚರಂಡಿಯನ್ನು ಕಟ್ಟಿ ನಿರ್ವಹಿಸುವುದು ಸಣ್ಣ ಪಂಚಾಯಿತಿಯ ಶಕ್ತಿಗೆ ಮೀರಿದ್ದು. ಅಂಥಲ್ಲಿ ಸೇರುವುದೇ ಸರಿಯಿರಬಹುದು. ಆದರೆ ಸೇರಿದ ಮಾತ್ರಕ್ಕೆ ಸೇವೆ ಬರುವುದಿಲ್ಲ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಚನೆಯಾದಾಗ 7 ನಗರಸಭೆಗಳು, 1 ಪುರಸಭೆ ಹಾಗೂ 110 ಹಳ್ಳಿಗಳು ಅದರೊಳಗೆ ಸೇರಿದವು. ಆ 110 ಹಳ್ಳಿಗಳಿಗೆ ನೀರು ಕೊಡಲೆಂದು ಕೈಗೊಂಡ ಕಾವೇರಿ ಐದನೇ ಹಂತಕ್ಕೆ ಚಾಲನೆ ದೊರೆತದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಯೋಜನೆಯದು. ಅದರ ನೀರು ಹೊರಡುವುದು ಮಳವಳ್ಳಿ ತಾಲ್ಲೂಕಿನಿಂದಲೇ. ಎಲ್ಲೆ ಬದಲಾಗಲು ಒಂದು ಅಧಿಸೂಚನೆ ಸಾಕಾಯಿತು, ನೀರು ಬರಲು 17 ವರ್ಷ ಬೇಕಾಯಿತು. ನೀರು ಬಂದ ಮರುವರ್ಷವೇ, 2025ರಲ್ಲಿ, ಆ ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳು ಬಂದವು.

ಹಾಗಾದರೆ ಇನ್ನೊಂದು ಹಾದಿ ಯಾವುದು? ಸ್ಥಳೀಯ ಸಂಸ್ಥೆಗಳು ಪರಸ್ಪರ ಒಪ್ಪಿ ಜಂಟಿ ಸಮಿತಿಗಳ ಮೂಲಕ ಸೇವೆ ನಡೆಸುವುದು. ಸಂವಿಧಾನದ 243ಝಡ್‌ಡಿ ವಿಧಿಯು ಜಿಲ್ಲಾ ಯೋಜನಾ ಸಮಿತಿಗೆ ವಹಿಸಿರುವ ಕೆಲಸಗಳಲ್ಲಿ ಪಂಚಾಯಿತಿ ಮತ್ತು ಪೌರಸಂಸ್ಥೆಗಳ ನಡುವಣ ಸಮಾನ ಹಿತದ ವಿಷಯಗಳು, ನೀರು ಮತ್ತಿತರ ನೈಸರ್ಗಿಕ ಸಂಪನ್ಮೂಲಗಳ ಹಂಚಿಕೆ, ಪರಿಸರ ಸಂರಕ್ಷಣೆ ಇವೆಲ್ಲವೂ ಸೇರಿವೆ. ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳು ಈ ತತ್ತ್ವದ ಮೇಲೆಯೇ ನಿಂತಿವೆ: ನೀರಿನ ಮೂಲವೂ ಶುದ್ಧೀಕರಣ ಘಟಕವೂ ಒಂದೇ, ಊರುಗಳು ಹಲವು. ಕೊನೆಯ ಊರಿಗೆ ನೀರು ತಲುಪದಿದ್ದಾಗ, ಪಂಪಿನ ವಿದ್ಯುತ್ ಬಿಲ್ ಬಾಕಿಯಾದಾಗ ಹೊಣೆ ಯಾರದೆಂಬುದು ಬರಹದಲ್ಲಿ ಇಲ್ಲದಿದ್ದರೆ ಜಗಳ ನೀರುಗಂಟಿಯ ತಲೆಗೆ ಬರುತ್ತದೆ.

ಆದುದರಿಂದ ಯಾವುದೇ ಒಪ್ಪಂದದಲ್ಲಿ ಈ ಐದು ಅಂಶಗಳು ಸ್ಪಷ್ಟವಾಗಿರಬೇಕು.

1. ಪ್ರತಿ ಊರಿಗೆ ಎಷ್ಟು ನೀರು, ಬೇಸಿಗೆಯಲ್ಲಿ ಕೊರತೆಯಾದರೆ ಯಾವ ಪ್ರಮಾಣದಲ್ಲಿ ಕಡಿತ.
2. ವಿದ್ಯುತ್, ದುರಸ್ತಿ ಮತ್ತು ಸಿಬ್ಬಂದಿಯ ವೆಚ್ಚದಲ್ಲಿ ಯಾರ ಪಾಲೆಷ್ಟು.
3. ಮೂಲದ ಊರಿನ ಕೆರೆ, ಕೊಳವೆಬಾವಿ, ಅಚ್ಚುಕಟ್ಟಿಗೆ ಮೊದಲು ಮೀಸಲಿಡುವ ಪಾಲು.
4. ವರ್ಷಕ್ಕೊಮ್ಮೆ ಎಲ್ಲ ಗ್ರಾಮಸಭೆಗಳ ಮುಂದೆ ಲೆಕ್ಕ.
5. ವಿವಾದವನ್ನು ತೀರ್ಮಾನಿಸುವವರು ಯಾರು, ಒಪ್ಪಂದದಿಂದ ಹೊರಬರುವುದು ಹೇಗೆ.

ಒಪ್ಪಂದವೂ ಒಮ್ಮುಖವಾಗಬಲ್ಲದು ಎಂಬ ಎಚ್ಚರವಿರಲಿ. ಬೆಂಗಳೂರಿನ ಕಸವನ್ನು ಹೊತ್ತ ಮಂಡೂರಿನ ಜನರು 2014ರಲ್ಲಿ ಬೀದಿಗಿಳಿದ ಮೇಲೆಯೇ ಅಲ್ಲಿಗೆ ಹೋಗುತ್ತಿದ್ದ ಕಸದ ಲಾರಿಗಳು ನಿಂತದ್ದು. ಹಳ್ಳಿಯ ನೆಲವನ್ನು ಬಳಸಿಕೊಂಡು ಹಳ್ಳಿಯ ಒಪ್ಪಿಗೆಯನ್ನು ಕೇಳದ ವ್ಯವಸ್ಥೆಗೆ ಹಂಚಿಕೆ ಎಂಬ ಹೆಸರು ಸಲ್ಲದು.

ಮಲೆನಾಡಿನ ವಿಷಯದಲ್ಲಿ ಕಾನೂನು ಈಗಾಗಲೇ ಒಂದು ವಿವೇಕವನ್ನು ತೋರಿದೆ. ಬಯಲಿನಲ್ಲಿ ಪಂಚಾಯಿತಿಗೆ 5,000ದಿಂದ 7,000 ಜನಸಂಖ್ಯೆಯನ್ನು ಗೊತ್ತುಪಡಿಸಿದ ಅಧಿನಿಯಮವು ಮಲೆನಾಡಿನ ಜಿಲ್ಲೆಗಳಲ್ಲಿ 2,500ಕ್ಕೂ ಅವಕಾಶ ಕೊಟ್ಟಿತು. ಮನೆಗಳು ಚದುರಿರುವ ನೆಲದಲ್ಲಿ ಸಭೆಯು ಜನರಿಗೆ ನಡೆದುಬರುವಷ್ಟು ಹತ್ತಿರವಿರಬೇಕೆಂಬುದೇ ಅದರ ತಾತ್ಪರ್ಯ. ಪೇಟೆಯ ವಿಸ್ತರಣೆಯ ಹೆಸರಿನಲ್ಲಿ ಈ ಹತ್ತಿರವನ್ನು ಕಳೆದುಕೊಳ್ಳುವ ಮೊದಲು, ಪ್ರತಿ ಗ್ರಾಮಸಭೆಯೂ ಒಂದು ಲಿಖಿತ ಪಟ್ಟಿಯನ್ನು ಕೇಳಲಿ: ಏನು ಹೋಗುತ್ತದೆ, ಏನು ಬರುತ್ತದೆ, ಯಾವ ವರ್ಷದೊಳಗೆ ಬರುತ್ತದೆ. ಈ ಮೂರನೆಯ ಪ್ರಶ್ನೆಗೆ ಉತ್ತರ ಸಿಗುವವರೆಗೆ ಕೆರೆ, ಗೋಮಾಳ, ಗುಂಡುತೋಪುಗಳ ಸರ್ವೆ ನಂಬರುಗಳನ್ನು ಪಂಚಾಯಿತಿಯ ದಾಖಲೆಯಲ್ಲಿ ಸರಿಯಾಗಿ ಬರೆಸಿಟ್ಟುಕೊಳ್ಳುವುದು ಊರಿನವರು ಇಂದೇ ಮಾಡಬಹುದಾದ ಕೆಲಸ.