ಯಂತ್ರಬುದ್ಧಿಗೆ ಕೂಳು

ಮೊನ್ನೆ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಅಣ್ಣನ ಫೋನಿನಲ್ಲಿ ಪ್ರಬಂಧ ಬರೆಯಿಸಿಕೊಂಡು ಬಂದಿದ್ದನು. ನಾನು ಗದರಿಸಲಿಲ್ಲ. "ಕ್ಷಣಾರ್ಧದಲ್ಲಿ ಇಷ್ಟು ದುಡಿಯುವ ಆಳಿಗೆ ಕೂಳು ಹಾಕುವವರಾರಪ್ಪಾ?" ಎಂದು ಕೇಳಿದೆ. ಹುಡುಗರು ನಕ್ಕರು. ಆದರೆ ಪ್ರಶ್ನೆ ನಕ್ಕು ಮರೆಯುವಂಥದಲ್ಲ.

ಕೃತಕ ಬುದ್ಧಿಮತ್ತೆಯ ವಾಸ ದತ್ತಾಂಶ ಕೇಂದ್ರಗಳೆಂಬ ಕಟ್ಟಡಗಳಲ್ಲಿ. ಅಲ್ಲಿ ಸಾವಿರಾರು ಗಣಕಯಂತ್ರಗಳು ಹಗಲಿರುಳೂ ವಿದ್ಯುತ್ತನ್ನು ಉಣ್ಣುತ್ತವೆ. ಉಂಡದ್ದೆಲ್ಲ ಕಾವಾಗುತ್ತದೆ, ಆ ಕಾವನ್ನು ತಣಿಸಲು ಮತ್ತೆ ವಿದ್ಯುತ್ತು ಬೇಕು, ಹಲವೆಡೆ ನೀರೂ ಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಇಂಥ ಕೇಂದ್ರಗಳು 2024ರಲ್ಲಿ ಬಳಸಿದ್ದು ಸುಮಾರು 41,500 ಕೋಟಿ ಯೂನಿಟ್. 2030ಕ್ಕೆ ಅದು ಸುಮಾರು 94,500 ಕೋಟಿಯಾಗಬಹುದು. ಇದೆಲ್ಲವೂ ಯಂತ್ರಬುದ್ಧಿಯೊಂದರ ಪಾಲೇನೂ ಅಲ್ಲ. ಹೆಚ್ಚಳಕ್ಕೆ ಮುಖ್ಯ ಕಾರಣ ಮಾತ್ರ ಅದೇ.

ಈ ಅಂಕಿಯನ್ನು ಅಳೆಯಲು ನಮ್ಮ ಬಾಗೇವಾಡಿ ಸೀಮೆಯ ಕೂಡಗಿಯೇ ಒಳ್ಳೆಯ ಕೊಳಗ. ಅಲ್ಲಿಯ ಉಷ್ಣವಿದ್ಯುತ್ ಸ್ಥಾವರದಲ್ಲಿ 800 ಮೆಗಾವ್ಯಾಟಿನ ಮೂರು ಘಟಕಗಳುಂಟು. ಮೂರೂ ವರ್ಷವಿಡೀ ಗಳಿಗೆಯೂ ನಿಲ್ಲದೆ ಪೂರ್ಣ ನಡೆದರೆ ಹುಟ್ಟುವುದು ಸುಮಾರು 2,100 ಕೋಟಿ ಯೂನಿಟ್. ಅಂದಮೇಲೆ, ಆರು ವರ್ಷದ ಹೆಚ್ಚಳವೊಂದಕ್ಕೇ ಇಂಥ ಇಪ್ಪತ್ತೈದು ಕೂಡಗಿಗಳು ಬೇಕು!

ಒಂದು ಕೂಡಗಿಯೆಂದರೆ ಏನೆಂಬುದನ್ನು ನಾವು ಬಲ್ಲೆವು. ಕಲ್ಲಿದ್ದಲು ಹೊರರಾಜ್ಯದಿಂದ ಬರಬೇಕು, ನೀರು ಆಲಮಟ್ಟಿಯದು, ನೆಲ ರೈತರು ಕೊಟ್ಟದ್ದು. ಹಾರುಬೂದಿಗೆ ಅಂಜಿದ ರೈತರ ಚಳವಳಿ 2014ರ ಜುಲೈಯಲ್ಲಿ ಗೋಲೀಬಾರಿನವರೆಗೂ ಹೋಯಿತು. ಆಲಮಟ್ಟಿಯ ಹಿನ್ನೀರಿಗಾಗಿ ಊರು ಬಿಟ್ಟವರ ಸಂಕಟ ಅದಕ್ಕೂ ಹಿಂದಿನದು. ಹುಟ್ಟಿದ ವಿದ್ಯುತ್ತೋ ನಮ್ಮ ನಾಡಿನ ಪಾಲು ಕಳೆದು ನೆರೆನಾಡುಗಳಿಗೂ ಹರಿಯುತ್ತದೆ. ಹಂಚಿಕೊಳ್ಳುವುದು ತಪ್ಪಲ್ಲ, ಬೂದಿ ಮಾತ್ರ ಇಲ್ಲಿಯೇ ಉಳಿಯುವುದು ನ್ಯಾಯವೇ?

ಯಂತ್ರವೇ ಬೇಡವೆಂದು ನಾನು ಹೇಳಲಾರೆ. ಕೂಳಿನ ಲೆಕ್ಕ ಸರಿಯಾಗಿರಲಿ ಎನ್ನುತ್ತೇನೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನಕ್ಕಾಗಿ ರೈತರ ಹೊಲಗಳನ್ನು ಕೊಳ್ಳದೆ ಗೇಣಿಗೆ ಪಡೆದರು. ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೇಣಿ, ಒಡೆತನ ರೈತನಲ್ಲೇ. ಹೊಲದ ಕೂಲಿ ನಂಬಿದವರಿಗೆ ಕೆಲಸ ತಪ್ಪಿತೆಂಬ ಕೊರತೆ ಅಲ್ಲಿಯೂ ಉಂಟು, ಅದನ್ನು ತುಂಬಬೇಕು. ಬಿಸಿಲಿನ ವಿದ್ಯುತ್ತು ಇರುಳಿಗೆ ಒದಗದು, ನಿಜ. ಆದರೆ ಯಂತ್ರಕ್ಕೆ ಪಾಠ ಕಲಿಸುವಂತಹ, ತಡೆದು ಮಾಡಬಹುದಾದ ಕೆಲಸಗಳನ್ನು ನಡುಹಗಲಿಗೆ ಇಟ್ಟುಕೊಂಡರೆ ರಾತ್ರಿಯ ಕಲ್ಲಿದ್ದಲಿನ ಭಾರ ಒಂದಿಷ್ಟು ಇಳಿದೀತು. ಹೊಸ ಕೇಂದ್ರಕ್ಕೆ ಅಪ್ಪಣೆ ಕೊಡುವ ಮೊದಲು ಸರಕಾರವು ಮೂರನ್ನು ಕೇಳಲಿ: ವಿದ್ಯುತ್ತು ಎಲ್ಲಿಯದು? ನೀರು ಯಾವ ಊರಿನದು? ನೆಲ ಕೊಟ್ಟವನ ಪಾಲೆಷ್ಟು?

ಉಂಡವರೇ ಎಲೆ ಎತ್ತಬೇಕೆಂಬುದು ನಮ್ಮ ಮನೆಗಳ ರೀತಿ. ಯಂತ್ರದ ಪಂಕ್ತಿಗೂ ಅದೇ ರೀತಿ ಸಲ್ಲಲಿ.